ಬೆತ್ತ ಬಿಟ್ಟ ಮೇಲೆ ತರಗತಿ ನಡೆಸುವುದು ಹೇಗೆ?

ಕೇಳಿದವರು: ಮುಖ್ಯ ಶಿಕ್ಷಕಿ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಐದನೇ ತರಗತಿಯಲ್ಲಿ 42 ಮಕ್ಕಳು. ಬೆತ್ತ ಹೋಯಿತು, ಗಲಾಟೆ ಹೋಗಿಲ್ಲ. ಪೋಷಕರೇ ಬಂದು "ಎರಡು ಬಾರಿಸಿ ಮೇಡಂ" ಅಂತಾರೆ. ದೂರು ಪೆಟ್ಟಿಗೆ ಇಟ್ಟಿದ್ದೇವೆ, ಯಾವಾಗಲೂ ಖಾಲಿ. ಬಲ್ಲವರು ತಿಳಿಸಿ.

ತರಗತಿ ಶಿಕ್ಷಕಿ
ಮೇಡಂ, ಮೊದಲು ಬೋರ್ಡಿನ ಮೂಲೆಯಲ್ಲಿರುವ "ಮಾತಾಡಿದವರು" ಪಟ್ಟಿ ಅಳಿಸಿಸಿ. ಲೀಡರ್ ತನ್ನ ಗೆಳೆಯರನ್ನು ಬಿಟ್ಟು, ಆಗದವನ ಹೆಸರಿನ ಮುಂದೆ ಇಂಟು ಎರಡು, ಇಂಟು ಮೂರು ಅಂತ ಏರಿಸುತ್ತಾ ಹೋಗುತ್ತಾನೆ. ಬೆತ್ತ ಮೇಷ್ಟ್ರ ಕೈಯಿಂದ ಲೀಡರ್ ಕೈಗೆ ಹೋದ ಹಾಗಾಯಿತು, ಅಷ್ಟೇ. ಲೀಡರ್‌ಗೆ ಪುಸ್ತಕ ಹಂಚುವ, ನೀರಿನ ಸಾಲು ನೋಡುವ ಕೆಲಸ ಕೊಡಿ. ವಾರಕ್ಕೊಬ್ಬರು ಬದಲಾಗಲಿ.

ನಿಯಮ ನಾಲ್ಕೈದು ಸಾಕು, ಮಕ್ಕಳ ಬಾಯಿಂದಲೇ ಬರಲಿ. "ಓಡಬಾರದು" ಅಂತ ಬರೆಯುವ ಬದಲು "ವರಾಂಡದಲ್ಲಿ ನಡೆದು ಹೋಗೋಣ" ಅಂತ ಬರೆಸಿ. ಸುಮ್ಮನಾಗಿಸಲು ಒಂದೇ ಸನ್ನೆ ಇರಲಿ: ಕೈ ಎತ್ತಿ ನಿಲ್ಲುವುದೋ, ಚಪ್ಪಾಳೆಯ ಒಂದು ತಾಳವೋ. ಅದು ಕೆಡುವುದು ಎರಡೇ ಕಾರಣಕ್ಕೆ: ಸನ್ನೆ ಮಾಡುತ್ತಲೇ ನಾವೂ ಕೂಗುತ್ತೇವೆ, ಇಲ್ಲವೇ ಪೂರ್ತಿ ಸುಮ್ಮನಾಗುವ ಮೊದಲೇ ಪಾಠ ಶುರು ಮಾಡುತ್ತೇವೆ. ಆಮೇಲೂ ಮಾತಾಡುವವನ ಡೆಸ್ಕಿನ ಹತ್ತಿರ ಹೋಗಿ, ಮೆಲ್ಲಗೆ, ಈಗ ಮಾಡಬೇಕಾದ ಕೆಲಸ ಮಾತ್ರ ಹೇಳಿ ಮುಂದೆ ಹೋಗಿ. ಎದುರೇ ನಿಂತರೆ ಅವನು ಗೆಳೆಯರ ಮುಂದೆ ಸೋಲಲು ಒಪ್ಪುವುದಿಲ್ಲ.

ಡೆಸ್ಕಿನ ಮೇಲೆ ಗೀಚಿದವನು ಆ ಡೆಸ್ಕನ್ನು ಒರೆಸಲಿ. ಶೌಚಾಲಯ ತೊಳೆಸುವುದು, ಬಸ್ಕಿ, ಆಟದ ಪೀರಿಯಡ್ ಕಿತ್ತುಕೊಳ್ಳುವುದು, ಬಿಸಿಯೂಟಕ್ಕೆ ಕಾಯಿಸುವುದು ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. "ನಿನ್ನ ಅಕ್ಕನ್ನ ನೋಡಿ ಕಲಿ" ಅಂತ ಎಲ್ಲರೆದುರು ಚುಚ್ಚುವ ಅಭ್ಯಾಸವೂ ಹೋಗಬೇಕು.

ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತರಬೇತುದಾರ
ಪೆಟ್ಟಿಗೆ ಎಲ್ಲಿದೆ? ಆಫೀಸ್ ರೂಮಿನ ಬಾಗಿಲಲ್ಲಿದ್ದರೆ ಯಾರೂ ಚೀಟಿ ಹಾಕುವುದಿಲ್ಲ. ನೀರಿನ ನಲ್ಲಿಯ ದಾರಿಯಲ್ಲಿ, ಒಂದನೇ ತರಗತಿ ಮಗುವಿನ ಕೈಗೆಟುಕುವ ಎತ್ತರಕ್ಕೆ, ಸಿಸಿಟಿವಿ ಕಣ್ಣಿಗೆ ಬೀಳದ ಕಡೆ ಹಾಕಿಸಿ. ಎರಡು ಬೀಗ ಇರಲಿ: ಒಂದರ ಕೀ ನಿಮ್ಮಲ್ಲಿ, ಇನ್ನೊಂದರದ್ದು ಎಸ್‌ಡಿಎಂಸಿಯ ತಾಯಿ ಸದಸ್ಯರೊಬ್ಬರಲ್ಲಿ. ವಾರಕ್ಕೊಮ್ಮೆ ಇಬ್ಬರೂ ಸೇರಿ ತೆಗೆದು, ದಾಖಲೆ ಪುಸ್ತಕಕ್ಕೆ ಸಹಿ ಹಾಕಿ. ಚೀಟಿಯನ್ನು ಪ್ರಾರ್ಥನೆ ಸಮಯದಲ್ಲಿ ಓದಿದಿರೋ, ಪೆಟ್ಟಿಗೆಯ ಕಥೆ ಅಲ್ಲಿಗೆ ಮುಗಿಯಿತು. ಬರೆಯಲು ಬಾರದ ಮಕ್ಕಳು ಚಿತ್ರ ಬಿಡಿಸಬಹುದು ಅಂತಲೂ ಹೇಳಿ.

ಆಪ್ತ ಸಮಾಲೋಚಕಿ, ಮಕ್ಕಳ ರಕ್ಷಣಾ ವಿಭಾಗ
ಆ ಪೆಟ್ಟಿಗೆಯಿಂದ ಒಂದು ದಿನ ಗಲಾಟೆಗಿಂತ ದೊಡ್ಡ ವಿಷಯ ಬರಬಹುದು. ಮಗು ಲೈಂಗಿಕ ದೌರ್ಜನ್ಯದ ಮಾತು ಎತ್ತಿದರೆ "ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪಿಲ್ಲ" ಅನ್ನಿ. "ಯಾರಿಗೂ ಹೇಳಲ್ಲ" ಅಂತ ಮಾತ್ರ ಮಾತು ಕೊಡಬೇಡಿ, ಹೇಳಲೇಬೇಕಾಗುತ್ತದೆ. ಮಗು ಬಳಸಿದ ಪದಗಳನ್ನೇ, ತಿದ್ದದೆ, ದಿನಾಂಕ ಮತ್ತು ಸಮಯದೊಂದಿಗೆ ಬರೆದಿಡಿ. ಮೇಷ್ಟ್ರು ಒಮ್ಮೆ, ಹೆಡ್‌ಮಾಸ್ಟರ್ ಒಮ್ಮೆ, ಅಧ್ಯಕ್ಷರು ಒಮ್ಮೆ ಕೇಳಿದರೆ ಮಗು ಗಾಬರಿಯಾಗುತ್ತದೆ, ಹೇಳಿಕೆಯೂ ಹದಗೆಡುತ್ತದೆ. ಆರೋಪಿತರನ್ನು ಕರೆಸಿ ಮುಖಾಮುಖಿ ಮಾಡಿಸುವುದಂತೂ ಅತ್ಯಂತ ಕೆಟ್ಟ ಕ್ರಮ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಸಾಕ್ಷಿ ಹುಡುಕುವುದು ಶಾಲೆಯ ಕೆಲಸವಲ್ಲ. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು. ತನ್ನ ಕೈಕೆಳಗಿನವರ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥರೇ ಮುಚ್ಚಿಟ್ಟರೆ 1 ವರ್ಷದವರೆಗೆ. ಸದುದ್ದೇಶದಿಂದ ತಿಳಿಸಿದವರಿಗೆ ಕಾನೂನಿನ ರಕ್ಷಣೆ ಇದೆ. ಊರಿನ ಹಿರಿಯರು "ರಾಜಿ ಮಾಡೋಣ, ಮರ್ಯಾದೆ ಪ್ರಶ್ನೆ" ಅಂದರೂ ನಿಮ್ಮ ಹೊಣೆ ಕಳೆಯುವುದಿಲ್ಲ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಕಡೆ ಪಡೆಯಬೇಕು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು. ಹೆದರಿದ ಪೋಷಕರಿಗೆ ಇದನ್ನು ಮೊದಲೇ ಹೇಳಿ. ಶಿಕ್ಷಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಮಗುವಿನ ಹೆಸರು ಬರದಂತೆ ನೋಡಿಕೊಳ್ಳಿ.

ನಿವೃತ್ತ ಮುಖ್ಯ ಶಿಕ್ಷಕ
"ಬಾರಿಸಿ" ಅನ್ನುವ ಪೋಷಕರ ಬಗ್ಗೆ ಯಾರೂ ಹೇಳಲಿಲ್ಲ. ಅವರು ಒಪ್ಪಿದ ಮಾತ್ರಕ್ಕೆ ಹೊಡೆಯಲು ಅನುಮತಿ ಸಿಕ್ಕಂತಲ್ಲ, ಅದನ್ನು ಸ್ಪಷ್ಟವಾಗಿ ಹೇಳಿ. ಜೊತೆಗೆ ಹುಡುಗ ರಾತ್ರಿ ಎಷ್ಟಕ್ಕೆ ಮಲಗುತ್ತಾನೆ, ಬೆಳಿಗ್ಗೆ ಏನು ತಿಂದು ಬರುತ್ತಾನೆ ಅಂತ ಕೇಳಿ. ಮುಂದಿನ ಸಲ ಅವರನ್ನು ಕರೆಸುವಾಗ ದೂರಿಗಾಗಿ ಕರೆಸಬೇಡಿ. ಅವನು ಸರಿಯಾಗಿ ಮಾಡಿದ ಒಂದು ಕೆಲಸ ಹೇಳಲು ಕರೆಸಿ.