ಪದಚರ್ಚೆ: ನೆರೆಹೊರೆ ಜಗಳದ ‘ಮೀಡಿಯೇಶನ್’: ಮಧ್ಯಸ್ಥಿಕೆಯೋ, ಸಂಧಾನವೋ, ಹೊಂದಾಣಿಕೆಯೋ?

ಪ್ರಶ್ನೆ:
ನಾರ್ವೆಯ ‘ಕಾನ್‌ಫ್ಲಿಕ್ಟ್‌ರೋಡ್’ (ಜಗಳಗಳಿಗೆ ಮಧ್ಯಸ್ಥರನ್ನು ಒದಗಿಸುವ ಸರ್ಕಾರಿ ಸೇವೆ) ಪದ್ಧತಿಯ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಒಂದೇ ಕಟ್ಟಡದ ಹಳೆ ನಿವಾಸಿಗಳಿಗೂ ವಲಸೆ ಬಂದ ಕುಟುಂಬಗಳಿಗೂ ಜಗಳವಾದಾಗ ಎದುರುಬದುರು ಕೂರಿಸಿ ಮಾತಾಡಿಸುವ ಕ್ರಮ ಅದರಲ್ಲಿದೆ. ‘ರೆಸ್ಟೊರೇಟಿವ್ ಮೀಡಿಯೇಶನ್’ಗೆ ‘ಪುನಶ್ಚೈತನ್ಯಕಾರಿ ಮಧ್ಯಸ್ಥಿಕೆ’ ಸರಿಯೇ?

ಉತ್ತರ:
‘ಮಧ್ಯಸ್ಥಿಕೆ’ ಇರಲಿ. ನಮ್ಮ 2023ರ ಮೀಡಿಯೇಶನ್ ಕಾಯ್ದೆ ಸಹ ನೆರೆಹೊರೆಯ ಶಾಂತಿ ಕೆಡಿಸುವ ಜಗಳಗಳಿಗೆ ಮೂವರು ಮಧ್ಯಸ್ಥರು ಕೂರುವ ಸಮುದಾಯ ಮಧ್ಯಸ್ಥಿಕೆಯನ್ನು ಹೇಳುತ್ತದೆ. ತೊಡಕು ಒಂದೇ: ಪತ್ರಿಕೆಗಳು ಆರ್ಬಿಟ್ರೇಶನ್‌ಗೂ ಇದೇ ಪದ ಬಳಸುತ್ತವೆ. ಆರ್ಬಿಟ್ರೇಟರ್ ತೀರ್ಪು ಕೊಡುತ್ತಾರೆ, ಇಲ್ಲಿ ಕೂರುವವರು ಕೊಡುವಂತಿಲ್ಲ. ಮೊದಲ ಪುಟದಲ್ಲೇ ಬಿಡಿಸಿ ಹೇಳಿ. ನಾರ್ವೆಯಲ್ಲಿ 1981ರ ಪ್ರಯೋಗದಿಂದ ಬೆಳೆದು 1991ರಲ್ಲಿ ಕಾನೂನಾದ ಈ ಸೇವೆ ಉಚಿತ. ಮಧ್ಯಸ್ಥರು ಊರಿನ ಸಾಮಾನ್ಯ ಜನ. ಎರಡೂ ಕಡೆಯವರು ಒಪ್ಪಿದರೆ ಮಾತ್ರ ಸಭೆ.

‘ಸಂಧಾನ’ ಚೆಂದದ ಪದ, ಆದರೆ ಸಂಧಾನಕ್ಕೆ ಹೋದ ಕೃಷ್ಣ ಪಾಂಡವರ ಕಡೆಯವನು. ‘ಪಂಚಾಯ್ತಿ’ ಅಂದರೆ ದಂಡ ಹಾಕುತ್ತಾರೆ ಎಂಬ ಅಳುಕು. ‘ಹೊಂದಾಣಿಕೆ ಮಾಡ್ಕೊಳ್ಳಿ’ ಎಂಬ ಮಾತು ನಮ್ಮಲ್ಲಿ ಯಾವಾಗಲೂ ಬಲ ಕಡಿಮೆ ಇರುವವರ ಕಿವಿಗೇ ಬೀಳುತ್ತದೆ. ವಲಸೆ ಬಂದವರ ವಿಷಯದಲ್ಲಿ ಇದು ನಿಜಕ್ಕೂ ಅನ್ಯಾಯ. ‘ಪರಿಹಾರ’ ಎಂದರೆ ದುಡ್ಡು ಕೊಡುತ್ತಾರೇನೋ ಅಂದುಕೊಳ್ಳುತ್ತಾರೆ.

‘ಪುನಶ್ಚೈತನ್ಯ’ ಚಿಕಿತ್ಸೆಯ ಮಾತು. ‘ಸಂಬಂಧ ಮರಳಿ ಜೋಡಿಸುವ’ ಎಂದೂ ಬೇಡ, ಎಷ್ಟೋ ಸಲ ಆ ಎರಡು ಮನೆಗಳ ನಡುವೆ ಸಂಬಂಧವೇ ಇದ್ದಿರುವುದಿಲ್ಲ. ‘ನೋವು-ನಷ್ಟ ಸರಿಪಡಿಸುವ ಮಧ್ಯಸ್ಥಿಕೆ’ ಎನ್ನಿ. ಉದ್ದವಾಯಿತು, ಆದರೂ ಕೆಲಸ ಏನೆಂದು ತಿಳಿಯುತ್ತದೆ: ಮೊದಲು ಒಬ್ಬೊಬ್ಬರನ್ನೇ ಬೇರೆಯಾಗಿ ಭೇಟಿಯಾಗುವುದು, ಆಮೇಲೆ ಒಟ್ಟಿಗೆ ಕೂತು ಏನಾಯಿತು, ಯಾರಿಗೆ ನೋವಾಯಿತು, ಏನು ಮಾಡಿದರೆ ಸರಿಹೋದೀತು ಎಂದು ಕೇಳುವುದು. ಬೇರೆಯಾಗಿ ಭೇಟಿಯಾಗದೆ ನೇರ ಕೂರಿಸಿದರೆ ಸಭೆಯಲ್ಲೇ ಜಗಳ ಮರುಕಳಿಸಬಹುದು.

‘ಇಂಟರ್‌ಪ್ರಿಟರ್’ಗೆ ‘ದುಭಾಷಿ’ ಸಾಕು. ಮನೆಯ ಮಗುವನ್ನೇ ದುಭಾಷಿ ಮಾಡಬಾರದು. ಅಪ್ಪನಿಗೆ ಬಿದ್ದ ಬೈಗುಳವನ್ನು ಮಗು ನುಂಗಿಬಿಡುತ್ತದೆ. ದುಭಾಷಿ ‘ಅವರು ಹೇಳ್ತಿದಾರೆ’ ಅನ್ನದೆ ‘ನಾನು’ ಎಂದೇ ನುಡಿಯಬೇಕು.

ಎರಡೂ ಕಡೆಯವರು ಒಪ್ಪಿದ್ದನ್ನು ಬರೆಯುವ ಕೊನೆಯ ಹಾಳೆಯ ತಲೆಬರಹ ‘ಒಪ್ಪಂದ’ ಎಂದಿರಲಿ. ‘ಮುಚ್ಚಳಿಕೆ’ ಎಂದರೆ ಪೊಲೀಸ್ ಠಾಣೆ, ‘ತಪ್ಪೊಪ್ಪಿಗೆ’ ಎಂದರೆ ಕೋರ್ಟು. ಒಳಗೆ ‘ಗಲಾಟೆ ಮಾಡುವುದಿಲ್ಲ’ ಎಂದು ಬರೆದರೆ ನಿಲ್ಲುವುದಿಲ್ಲ, ಯಾವುದು ಗಲಾಟೆ ಎಂಬುದೇ ಮುಂದಿನ ಜಗಳ. ‘ರಾತ್ರಿ 10ರ ಮೇಲೆ ವಾಷಿಂಗ್ ಮಷಿನ್ ಹಾಕುವುದಿಲ್ಲ’ ಎಂದು ಒಬ್ಬರು, ‘ತೊಂದರೆಯಾದರೆ ಪೊಲೀಸರಿಗೆ ಫೋನ್ ಮಾಡುವ ಮೊದಲು ಬಾಗಿಲು ತಟ್ಟಿ ಹೇಳುತ್ತೇವೆ’ ಎಂದು ಇನ್ನೊಬ್ಬರು, ಹೀಗಿರಲಿ. ಮಾದರಿ ಸಂಭಾಷಣೆಯಲ್ಲಿ ‘ತಪ್ಪಾಯ್ತು’ ಹಾಕಬೇಡಿ, ಅದರಲ್ಲಿ ಮಾಡಿದವರು ಯಾರೆಂಬುದೇ ಇಲ್ಲ. ‘ನಾನು ಹಾಗೆ ಮಾಡಬಾರದಿತ್ತು’ ಎಂದು ಬರೆಯಿರಿ.