ಮಾಸಪತ್ರಿಕೆಯನ್ನು ಅಂಚೆಗೆ ಸಿದ್ಧಪಡಿಸುವಾಗ ತೂಕ, ವಿಂಗಡಣೆ ಮತ್ತು ದರದ ಲೆಕ್ಕ ಹೇಗೆ?

ಪ್ರಶ್ನೆ: ಮಾಸಪತ್ರಿಕೆಯ ಸಂಪಾದಕಿ

ಎಲ್ಲರಿಗೂ ನಮಸ್ಕಾರ. ನಾವು ಆರು ಜನ ಸೇರಿ ಸಾಹಿತ್ಯ ಮತ್ತು ವಿಚಾರಗಳಿಗೆ ಮೀಸಲಾದ ಒಂದು ಮಾಸಪತ್ರಿಕೆಯನ್ನು ನಡೆಸುತ್ತಿದ್ದೇವೆ. ಚಂದಾದಾರರು ಸುಮಾರು 1,200 ಮಂದಿ ಇದ್ದು, ಎಲ್ಲ ಪ್ರತಿಗಳೂ ಅಂಚೆಯಲ್ಲೇ ಹೋಗುತ್ತವೆ. ಇದುವರೆಗೆ 40 ಪುಟಗಳಿದ್ದ ಪತ್ರಿಕೆಯನ್ನು ಈ ತಿಂಗಳು 48 ಪುಟಗಳಿಗೆ ಏರಿಸಿದೆವು. ಬೈಂಡಿಂಗ್ ಮುಗಿಸಿ, ವಿಳಾಸದ ಚೀಟಿಗಳನ್ನು ಅಂಟಿಸಿ, ಎಲ್ಲವನ್ನೂ ಅಂಚೆಗೆ ಒಯ್ದು ತೂಗಿಸಿದಾಗಲೇ ಪ್ರತಿಯೊಂದೂ 100 ಗ್ರಾಂ ಮೀರಿದೆ ಎಂದು ತಿಳಿದದ್ದು. 1,200 ಪ್ರತಿಗಳಿಗೂ ಮುಂದಿನ ಹಂತದ ದರವನ್ನೇ ತೆರಬೇಕಾಯಿತು. ವರ್ಷದ ಲೆಕ್ಕವೇ ತಪ್ಪಿಹೋಗಿದೆ.

ಮುದ್ರಣಕ್ಕೆ ಮೊದಲೇ ತೂಕವನ್ನು ನಿಖರವಾಗಿ ತಿಳಿಯುವ ದಾರಿ ಇದೆಯೇ? ಪ್ರತಿಗಳನ್ನು ನಾವೇ ವಿಂಗಡಿಸಿ ಕೊಟ್ಟರೆ ಪ್ರಯೋಜನವಿದೆಯೇ? ಖರ್ಚು ಉಳಿಸಲು ಎರಡು ತಿಂಗಳ ಸಂಚಿಕೆಗಳನ್ನು ಒಂದೇ ಜಂಟಿ ಸಂಚಿಕೆಯಾಗಿ ತರಬೇಕೆಂಬ ಸಲಹೆ ಬಂದಿದೆ. ಹೆಚ್ಚು ಜಾಹೀರಾತು ಸೇರಿಸಬೇಕೆಂಬುದು ಇನ್ನೊಬ್ಬರ ಸಲಹೆ. ಇವೆರಡರಿಂದ ನೋಂದಾಯಿತ ಪತ್ರಿಕೆಗೆ ಅಂಚೆಯಲ್ಲಿ ಸಿಗುವ ರಿಯಾಯಿತಿ ದರಕ್ಕೆ ಏನಾದರೂ ತೊಂದರೆಯಾಗುವುದೇ?

ಉತ್ತರ: ಪತ್ರಿಕಾ ರವಾನೆ ವಿಭಾಗದಲ್ಲಿ ಕೆಲಸ ಮಾಡಿದವರು

ಪತ್ರಿಕೆಯ ಅಂಚೆ ವೆಚ್ಚ ನಿರ್ಧಾರವಾಗುವುದು ಕಾಗದವನ್ನು ಆರಿಸುವ ದಿನ. ಅಂಚೆಯ ತಕ್ಕಡಿ ಅದನ್ನು ಆಮೇಲೆ ತೋರಿಸುತ್ತದೆ, ಅಷ್ಟೆ.

ಲೆಕ್ಕ ಕಷ್ಟದ್ದಲ್ಲ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಜಿಎಸ್‌ಎಂ, ಮತ್ತು ಹದಿನಾರು ಎ4 ಹಾಳೆಗಳು ಸೇರಿದರೆ ಒಂದು ಚದರ ಮೀಟರ್ ಆಗುತ್ತದೆ. ಆದ್ದರಿಂದ 70 ಜಿಎಸ್‌ಎಂ ಕಾಗದದ ಒಂದು ಎ4 ಹಾಳೆ ಸುಮಾರು 4.4 ಗ್ರಾಂ ತೂಗುತ್ತದೆ. ನಿಮ್ಮದು ಎ4 ಅಳತೆಯ ಪತ್ರಿಕೆ ಎಂದುಕೊಂಡರೆ, ರಕ್ಷಾಪುಟದ ನಾಲ್ಕು ಪುಟಗಳನ್ನು ಬಿಟ್ಟು ಉಳಿಯುವ 44 ಪುಟಗಳಿಗೆ 22 ಹಾಳೆಗಳು, ಅಂದರೆ 96 ಗ್ರಾಂ. 130 ಜಿಎಸ್‌ಎಂ ಆರ್ಟ್ ಪೇಪರಿನ ರಕ್ಷಾಪುಟಕ್ಕೆ ಇನ್ನು 16 ಗ್ರಾಂ. ಒಟ್ಟು 112 ಗ್ರಾಂ. 40 ಪುಟಗಳಿದ್ದಾಗ ಇದೇ ಕಾಗದದಲ್ಲಿ ಪ್ರತಿ 95 ಗ್ರಾಂ ಆಗುತ್ತಿತ್ತು. ಹೆಚ್ಚಿಸಿದ್ದು ಎಂಟೇ ಪುಟಗಳಾದರೂ ಅವು ಪತ್ರಿಕೆಯನ್ನು ಒಂದು ಹಂತ ಮೇಲಕ್ಕೆ ಒಯ್ದವು.

ಒಳಪುಟಗಳಿಗೆ 60 ಜಿಎಸ್‌ಎಂ ಕಾಗದ ಬಳಸಿದರೆ 48 ಪುಟಗಳ ಪ್ರತಿ 98 ಗ್ರಾಂ ಚಿಲ್ಲರೆಗೆ ಇಳಿಯುತ್ತದೆ. ಅನೇಕರು ಇಲ್ಲಿಗೆ ಲೆಕ್ಕ ನಿಲ್ಲಿಸಿ ಮೋಸಹೋಗುತ್ತಾರೆ. ಸುತ್ತುವ ಕಾಗದ, ಅಂಟು ಮತ್ತು ವಿಳಾಸದ ಚೀಟಿ ಸೇರಿ ಮೂರು ನಾಲ್ಕು ಗ್ರಾಂ ಆದರೆ ಪುನಃ 100 ದಾಟಿತು. ರಕ್ಷಾಪುಟವನ್ನು 100 ಜಿಎಸ್‌ಎಂಗೆ ಇಳಿಸಿದರೆ ಸುಮಾರು ನಾಲ್ಕು ಗ್ರಾಂ ಕಡಿಮೆಯಾಗುತ್ತದೆ. ಅಗಲದಲ್ಲಿ 5 ಮಿಲಿಮೀಟರ್ ಹೆಚ್ಚು ಕತ್ತರಿಸಿದರೆ ಇನ್ನೆರಡು ಗ್ರಾಂ ಉಳಿಯುತ್ತದೆ. ಕಾಗದ ಗಾಳಿಯ ತೇವವನ್ನು ಹೀರಿ ಭಾರವಾಗುವುದರಿಂದ ಮಳೆಗಾಲಕ್ಕೆಂದು ಎರಡು ಗ್ರಾಂ ಅಂತರ ಇಟ್ಟುಕೊಳ್ಳಿ. ಮುದ್ರಣಕ್ಕೆ ಕೊಡುವ ಮೊದಲು ಅದೇ ಕಾಗದದ ಖಾಲಿ ಹಾಳೆಗಳಲ್ಲಿ ಪಿನ್ ಹೊಡೆದು, ಕತ್ತರಿಸಿ, ಸುತ್ತು ಕಾಗದವನ್ನೂ ಸುತ್ತಿದ ಹತ್ತು ಡಮ್ಮಿ ಪ್ರತಿಗಳನ್ನು ಮಾಡಿಸಿ ತೂಗಿರಿ. ಒಂದೇ ಪ್ರತಿಯ ತೂಕವನ್ನು ನಂಬಬೇಡಿ.

ಸುತ್ತು ಕಾಗದದ ಎರಡೂ ತುದಿಗಳು ತೆರೆದಿರಲಿ. ರಿಯಾಯಿತಿ ದರದಲ್ಲಿ ಹೋಗುವ ಮುದ್ರಿತ ಸಾಮಗ್ರಿಯನ್ನು ಅಂಚೆಯವರು ಪರಿಶೀಲಿಸಲು ಸಾಧ್ಯವಾಗಬೇಕೆಂಬುದು ಹಳೆಯ ನಿಯಮ. ಒಳಗೆ ಕೈಬರಹದ ಚೀಟಿಯನ್ನು ಇಟ್ಟರೆ ಆ ಪ್ರತಿಗೆ ಪತ್ರದ ದರ ಬೀಳಬಹುದು.

ಇನ್ನು ವಿಂಗಡಣೆ. ಬಹಳಷ್ಟು ಸಣ್ಣ ಪತ್ರಿಕೆಗಳ ಚಂದಾದಾರರ ಪಟ್ಟಿ ಹೆಸರಿನ ಅಕಾರಾದಿಯಲ್ಲೋ ಚಂದಾ ಸಂಖ್ಯೆಯ ಕ್ರಮದಲ್ಲೋ ಇರುತ್ತದೆ. ಚೀಟಿಗಳನ್ನು ಮುದ್ರಿಸುವ ಮೊದಲು ಪಟ್ಟಿಯನ್ನು ಪಿನ್‌ಕೋಡ್ ಕ್ರಮಕ್ಕೆ ತನ್ನಿ. ಆಗ ಅಂಟಿಸುವ ಕೆಲಸ ಮುಗಿಯುವಷ್ಟರಲ್ಲಿ ವಿಂಗಡಣೆಯೂ ಮುಗಿದಿರುತ್ತದೆ. ಭಾರತದಲ್ಲಿ 1972ರಿಂದ ಬಳಕೆಯಲ್ಲಿರುವ ಆರಂಕಿಯ ಪಿನ್‌ಕೋಡ್‌ನ ಮೊದಲ ಮೂರು ಅಂಕಿಗಳು ವಿಂಗಡಣೆಯ ಜಿಲ್ಲೆಯನ್ನೂ ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿಯನ್ನೂ ಸೂಚಿಸುತ್ತವೆ. ಒಂದೇ ಕಚೇರಿಗೆ ಸೇರುವ ಪ್ರತಿಗಳನ್ನು ಒಂದು ಕಟ್ಟು ಮಾಡಿ, ಅಷ್ಟು ಪ್ರತಿಗಳಿಲ್ಲದಿದ್ದರೆ ಮೊದಲ ಮೂರು ಅಂಕಿಗಳ ಮಟ್ಟದಲ್ಲಿ ಕಟ್ಟಿರಿ. ಎಲ್ಲ ವಿಳಾಸಗಳೂ ಮೇಲ್ಮುಖವಾಗಿ ಒಂದೇ ದಿಕ್ಕಿಗೆ ಇರಲಿ, ಹುರಿಯನ್ನು ಉದ್ದಕ್ಕೂ ಅಡ್ಡಕ್ಕೂ ಬಿಗಿಯಿರಿ. ಉದ್ದಕ್ಕೆ ಮಾತ್ರ ಹುರಿ ಕಟ್ಟಿದ ಕಟ್ಟು ಚೀಲದಲ್ಲಿ ನಾಲ್ಕು ಸಲ ಬಿದ್ದೆದ್ದರೆ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ, ಆಮೇಲೆ ನಿಮ್ಮ ವಿಂಗಡಣೆಯೆಲ್ಲ ವ್ಯರ್ಥ.

ವಿಂಗಡಣೆಗೆ ದರದಲ್ಲಿ ರಿಯಾಯಿತಿ ಇದೆಯೇ ಎಂಬುದು ಆಯಾ ದೇಶದ ಪದ್ಧತಿಗೆ ಬಿಟ್ಟದ್ದು. ಅಮೆರಿಕದಲ್ಲಿ ಒಬ್ಬ ಪೋಸ್ಟ್‌ಮನ್ ಬಟವಾಡೆ ಮಾಡುವ ಮಾರ್ಗದ ಮಟ್ಟದವರೆಗೆ ವಿಂಗಡಿಸಿದ ಪ್ರತಿಗೆ ದರ ಕಡಿಮೆ. 2007ರಿಂದ ಅಲ್ಲಿ ಕಟ್ಟು, ಚೀಲ ಮತ್ತು ಪ್ಯಾಲೆಟ್‌ಗಳಿಗೂ (ಕಟ್ಟುಗಳನ್ನು ಪೇರಿಸಿ ಸಾಗಿಸುವ ಹಲಗೆಯ ಅಡ್ಡೆಗಳಿಗೂ) ಪ್ರತ್ಯೇಕ ಶುಲ್ಕವಿದೆ. ಚೀಲದಲ್ಲಿ ನಾಲ್ಕೇ ಪ್ರತಿ ಹಾಕಿದವರಿಗೂ ಚೀಲದ ಶುಲ್ಕ ಬೀಳುವುದರಿಂದ ಸಣ್ಣ ಪತ್ರಿಕೆಗಳಿಗೆ ಇದು ಹೊರೆಯೇ. ದರದಲ್ಲಿ ಉಳಿತಾಯವಿಲ್ಲದ ಕಡೆಯೂ ವಿಂಗಡಿಸಿ ಕೊಡಿ ಎಂದೇ ನಾನು ಹೇಳುವುದು. ಅಂಚೆಯವರು ಬಿಡಿ ಪ್ರತಿಗಳನ್ನು ಒಂದೊಂದಾಗಿ ವಿಂಗಡಿಸಬೇಕಾದ ಕೆಲಸ ತಪ್ಪುತ್ತದೆ, ಪತ್ರಿಕೆ ಬೇಗ ಮುಟ್ಟುತ್ತದೆ.

ಉತ್ತರ: ಅಂಚೆ ನಿಯಮಗಳ ಅಭ್ಯಾಸಿ

ಜಂಟಿ ಸಂಚಿಕೆಯ ವಿಷಯದಲ್ಲಿ ದಯವಿಟ್ಟು ಅವಸರಪಡಬೇಡಿ. ರಿಯಾಯಿತಿ ದರಕ್ಕೂ ಸಂಚಿಕೆಗಳ ನಡುವಿನ ಅವಧಿಗೂ ನಂಟಿದೆ. ಭಾರತದ 1898ರ ಅಂಚೆ ಕಾಯ್ದೆ ನೋಂದಾಯಿತ ಪತ್ರಿಕೆಗೆ ಎರಡು ಮುಖ್ಯ ಷರತ್ತುಗಳನ್ನು ಹಾಕಿತ್ತು: ಸಂಚಿಕೆಗಳ ನಡುವಿನ ಅಂತರ 31 ದಿನ ಮೀರಕೂಡದು, ಮತ್ತು ಪತ್ರಿಕೆಗೆ ನಿಜವಾದ ಚಂದಾದಾರರ ಪಟ್ಟಿ ಇರಬೇಕು. ಆ ಕಾಯ್ದೆಯ ಜಾಗದಲ್ಲಿ 2023ರ ಕಾಯ್ದೆ 2024ರ ಜೂನ್‌ನಲ್ಲಿ ಜಾರಿಗೆ ಬಂದಿದೆ. ಅಮೆರಿಕದ 1879ರ ಕಾನೂನು ವರ್ಷಕ್ಕೆ ಕನಿಷ್ಠ ನಾಲ್ಕು ಸಂಚಿಕೆಗಳನ್ನು ಕೇಳಿತ್ತು. ಹಾಗಾಗಿ ಒಂದು ಕಡೆ ಸಲ್ಲುವ ಜಂಟಿ ಸಂಚಿಕೆ ಇನ್ನೊಂದು ಕಡೆ ಸಲ್ಲದಿರಬಹುದು. ನಿಮ್ಮ ನೋಂದಣಿ ಪತ್ರದಲ್ಲಿರುವ ಅವಧಿಯನ್ನು ಮೊದಲು ನೋಡಿ. ಒಂದು ಸಂಚಿಕೆಯ ಅಂಚೆ ಖರ್ಚನ್ನು ಉಳಿಸಲು ಹೋಗಿ ರಿಯಾಯಿತಿಯನ್ನೇ ಕಳೆದುಕೊಳ್ಳುವಂತಾಗಬಾರದು.

ಜಾಹೀರಾತಿನ ಬಗ್ಗೆ ತುಸು ಹಿಂದಕ್ಕೆ ಹೋಗಬೇಕು. ಸುದ್ದಿ ಮತ್ತು ಅರಿವು ದೂರದ ಊರಿಗೂ ಅಗ್ಗದಲ್ಲಿ ತಲುಪಬೇಕೆಂಬುದೇ ಈ ರಿಯಾಯಿತಿಯ ಮೂಲ. 1792ರ ಅಮೆರಿಕದ ಕಾನೂನಿನಲ್ಲಿ ಪತ್ರಿಕೆಗೆ 100 ಮೈಲಿಯವರೆಗೆ ಒಂದು ಸೆಂಟ್, ಅದಕ್ಕಿಂತ ದೂರಕ್ಕೆ ಒಂದೂವರೆ ಸೆಂಟ್ ಇತ್ತು. ಆಗ ಪತ್ರಗಳ ದರ ಇದರ ಹಲವು ಪಟ್ಟು. ಅದೇ ದರದಲ್ಲಿ ಬರೀ ಜಾಹೀರಾತಿನ ಹಾಳೆಗಳೂ ಪತ್ರಿಕೆಯ ವೇಷದಲ್ಲಿ ಹೋಗತೊಡಗಿದ ಕಾರಣಕ್ಕೇ 1879ರ ಕಾನೂನು ಮುಖ್ಯವಾಗಿ ಜಾಹೀರಾತಿಗೆಂದೇ ಹೊರಡುವ ಪ್ರಕಟಣೆಗಳನ್ನು ಹೊರಗಿಟ್ಟಿತು. 1917ರ ಕಾನೂನು ಇನ್ನೂ ಮುಂದೆ ಹೋಗಿ, ಒಂದೇ ಪ್ರತಿಯ ತೂಕವನ್ನು ಓದಿನ ಭಾಗ ಮತ್ತು ಜಾಹೀರಾತಿನ ಭಾಗ ಎಂದು ಎರಡು ಮಾಡಿತು. ಓದಿನ ಭಾಗಕ್ಕೆ ಎಷ್ಟೇ ದೂರವಾದರೂ ಒಂದೇ ದರ. ಜಾಹೀರಾತಿನ ಭಾಗಕ್ಕೆ ದೂರ ಹೆಚ್ಚಿದಂತೆ ದರವೂ ಹೆಚ್ಚು. ಈ ಭೇದ ಅಲ್ಲಿ ಇಂದಿಗೂ ಉಳಿದಿದೆ, ಪ್ರಕಾಶಕರು ಪ್ರತಿ ಸಂಚಿಕೆಯ ಜಾಹೀರಾತಿನ ಜಾಗವನ್ನು ಅಳೆದು ಶೇಕಡಾವಾರು ಲೆಕ್ಕ ಒಪ್ಪಿಸುತ್ತಾರೆ. ಇಂಥ ಪದ್ಧತಿ ಇಲ್ಲದ ಕಡೆ ಜಾಹೀರಾತಿನ ಪುಟಕ್ಕೂ ಕವಿತೆಯ ಪುಟಕ್ಕೂ ತೂಕ ಒಂದೇ. ಆದರೂ ಓದುವ ಭಾಗವೇ ಪತ್ರಿಕೆಯಲ್ಲಿ ಎದ್ದು ಕಾಣುವಂತಿರಲಿ.

ಪುರವಣಿ ತರುವ ಆಲೋಚನೆ ಇದ್ದರೆ ಇನ್ನೊಂದು ಮಾತು. 1898ರ ಕಾಯ್ದೆಯ ಪ್ರಕಾರ ಪುರವಣಿಯನ್ನು ಪತ್ರಿಕೆಯ ಭಾಗವೆಂದು ಎಣಿಸಬೇಕಾದರೆ ಅದರ ಪ್ರತಿ ಪುಟದ ಮೇಲ್ತುದಿಯಲ್ಲಿ ಪತ್ರಿಕೆಯ ಹೆಸರೂ ಪ್ರಕಟಣೆಯ ದಿನಾಂಕವೂ ಅಚ್ಚಾಗಿರಬೇಕಿತ್ತು. ನಿಯಮ ಎಲ್ಲೇ ಹೇಗೇ ಇರಲಿ, ಈ ಅಭ್ಯಾಸವನ್ನು ಬಿಡಬೇಡಿ.

ಪ್ರಶ್ನಿಸಿದವರ ಮಾತು

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ನಮ್ಮದು ಎ4 ಅಳತೆಯೇ. ಉಳಿದ ಒಂದು ಪ್ರತಿಯನ್ನು ಈಗಷ್ಟೇ ತೂಗಿ ನೋಡಿದಾಗ ಸುತ್ತು ಕಾಗದ ಸೇರಿ 115 ಗ್ರಾಂ ಬಂತು, ನೀವು ಹಾಕಿದ ಲೆಕ್ಕವೇ. ಜಂಟಿ ಸಂಚಿಕೆಯ ಯೋಚನೆಯನ್ನು ಸದ್ಯ ಕೈಬಿಟ್ಟಿದ್ದೇವೆ. ಚಂದಾ ಹಣವನ್ನು ಮರುನಿಗದಿ ಮಾಡುವಾಗ ಅಂಚೆ ವೆಚ್ಚವನ್ನು ಹೇಗೆ ಸೇರಿಸಬೇಕು?

ಉತ್ತರ: ಪತ್ರಿಕಾ ರವಾನೆ ವಿಭಾಗದಲ್ಲಿ ಕೆಲಸ ಮಾಡಿದವರು

ಹನ್ನೆರಡು ಸಂಚಿಕೆಗಳ ಅಂಚೆ ವೆಚ್ಚವನ್ನು ಹನ್ನೊಂದು ಸಾಮಾನ್ಯ ಸಂಚಿಕೆ ಮತ್ತು ಒಂದು ವಿಶೇಷಾಂಕ ಎಂದು ಬೇರೆ ಬೇರೆಯಾಗಿ ಹಾಕಿ, ಏಕೆಂದರೆ ವಿಶೇಷಾಂಕ ಎರಡು ಮೂರು ಹಂತ ಮೇಲೆ ಹೋಗುವುದು ಖಂಡಿತ. ಗೌರವ ಪ್ರತಿ, ವಿನಿಮಯ ಪ್ರತಿ ಮತ್ತು ಮುಟ್ಟಲಿಲ್ಲವೆಂದು ಮತ್ತೆ ಕಳಿಸುವ ಪ್ರತಿಗಳಿಗೆ ಹಣ ಕೊಡುವವರು ಯಾರೂ ಇಲ್ಲದ ಕಾರಣ ಆ ವೆಚ್ಚವನ್ನೂ ಚಂದಾದಾರರ ಸಂಖ್ಯೆಯಿಂದಲೇ ಭಾಗಿಸಬೇಕು. ಮತ್ತೆ ಕಳಿಸುವ ಪ್ರತಿ ಒಂದೊಂದೇ ಹೋಗುವುದರಿಂದ ಅದಕ್ಕೆ ರಿಯಾಯಿತಿ ಸಿಗದಿರಬಹುದು. ಆಜೀವ ಚಂದಾ ಬೇಡವೆಂದೇ ನನ್ನ ಸಲಹೆ: ಒಮ್ಮೆ ಪಡೆದ ಹಣ ಅಷ್ಟೇ ಇರುತ್ತದೆ, ಅಂಚೆ ದರವೂ ಕಾಗದದ ಬೆಲೆಯೂ ಹಾಗೆ ನಿಲ್ಲುವುದಿಲ್ಲ.

ವಿಳಾಸದ ಚೀಟಿಯಲ್ಲಿ ಹೆಸರಿನ ಮೇಲ್ಗಡೆ ಚಂದಾ ಸಂಖ್ಯೆಯನ್ನೂ ಚಂದಾ ಮುಗಿಯುವ ತಿಂಗಳನ್ನೂ ಅಚ್ಚು ಹಾಕಿಸಿ. ನವೀಕರಣಕ್ಕೆ ಬೇರೆ ಕಾಗದ ಬರೆಯುವ ಖರ್ಚು ಉಳಿಯುತ್ತದೆ, ಮತ್ತು ವಿಳಾಸ ಬದಲಾದವರು ಆ ಸಂಖ್ಯೆಯನ್ನು ತಿಳಿಸಿದರೆ ನಿಮ್ಮ ಪಟ್ಟಿಯಲ್ಲಿ ಹುಡುಕುವುದೂ ಸುಲಭವಾಗುತ್ತದೆ.