ಜೆಟ್‌ನಲ್ಲಿ ಸ್ಪೀಡ್ ಇದೆ, ವಿಡಿಯೋ ಕಾಲ್ ಮಾತ್ರ ಸರಿ ಬರ್ತಿಲ್ಲ – ಏವಿಯಾನಿಕ್ಸ್‌ನವರು (ವಿಮಾನದ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವವರು) ಹೇಳಿ

ಪ್ರಶ್ನೆ: ನಮಸ್ಕಾರ ಸರ್. ಒಂದು ಕಂಪನಿಯ ಬಿಸಿನೆಸ್ ಜೆಟ್‌ನ ಓಡಾಟ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಪೈಲಟ್ ಅಲ್ಲ, ಟೆಕ್ನಿಕಲ್ ವಿಷಯ ಅಷ್ಟಕ್ಕಷ್ಟೇ. ನಮ್ಮ ವಿಮಾನದ ಬಾಲದ ತುದಿಯಲ್ಲಿ ಉಪಗ್ರಹದಿಂದ ಇಂಟರ್‌ನೆಟ್ ತರುವ ಕಾ ಬ್ಯಾಂಡ್ ಆಂಟೆನಾ ಇದೆ. ಸ್ಪೀಡ್ ಟೆಸ್ಟ್ ಮಾಡಿದರೆ 15 ಎಂಬಿಪಿಎಸ್ ಬರುತ್ತದೆ. ಆದರೂ ವಿಡಿಯೋ ಮೀಟಿಂಗ್‌ನಲ್ಲಿ ಎರಡೂ ಕಡೆಯವರು ಒಟ್ಟಿಗೇ ಮಾತಾಡುತ್ತಾರೆ, ಆಮೇಲೆ ಒಟ್ಟಿಗೇ ಸುಮ್ಮನಾಗುತ್ತಾರೆ. ಆಫೀಸಿನ ಫೈಲ್ ತೆರೆಯಲು ಹೋದರೆ ಸುಮ್ನೆ ಗಿರಗಿರ ತಿರುಗುತ್ತಾ ಕೂತಿರುತ್ತದೆ. ಯಜಮಾನರು "ಸ್ಟಾರ್‌ಲಿಂಕ್ ಹಾಕಿಸಿಬಿಡಿ" ಅಂತಿದ್ದಾರೆ. ಹಾಕಿಸಿದರೆ ಸರಿ ಹೋಗುತ್ತಾ?

ಉತ್ತರ: ಒಂದು ವಿಡಿಯೋ ಕಾಲ್‌ಗೆ 15 ಎಂಬಿಪಿಎಸ್ ಧಾರಾಳವಾಯಿತು. ನಿಮ್ಮದು ಸ್ಪೀಡಿನ ತೊಂದರೆಯೇ ಅಲ್ಲ, ದೂರದ ತೊಂದರೆ. ನಿಮ್ಮ ಆಂಟೆನಾ ನೋಡುತ್ತಿರುವ ಉಪಗ್ರಹ ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಿದೆ. ನಿಮ್ಮವರು "ಹಲೋ" ಅಂದರೆ ಅದು ಅಲ್ಲಿಗೆ ಹೋಗಿ, ಅಲ್ಲಿಂದ ನೆಲದ ಸ್ಟೇಷನ್‌ಗೆ ಇಳಿಯಬೇಕು, ಅಷ್ಟಕ್ಕೇ ಕಾಲು ಸೆಕೆಂಡ್ ಆಯಿತು. ಉತ್ತರ ಬರಲು ಇನ್ನೊಂದು ಕಾಲು ಸೆಕೆಂಡ್. ಮೋಡೆಮ್, ನೆಲದ ನೆಟ್‌ವರ್ಕ್ ಎಲ್ಲ ಸೇರಿ 600 ಮಿಲಿಸೆಕೆಂಡ್ ದಾಟುವುದು ಮಾಮೂಲಿ. ಎದುರಿನವರು ಇನ್ನೂ ಮಾತಾಡಿಲ್ಲ ಅಂದುಕೊಂಡು ನಾವು ಶುರು ಮಾಡುವಷ್ಟರಲ್ಲಿ ಅವರ ಮಾತು ಬಂದು ಬೀಳುತ್ತದೆ. ನೀವು ಹೇಳಿದ್ದು ಅದನ್ನೇ. ಜಾಸ್ತಿ ಸ್ಪೀಡಿನ ಪ್ಲಾನ್ ತೆಗೆದುಕೊಂಡರೂ ಇದು ಕಡಿಮೆ ಆಗುವುದಿಲ್ಲ.

ಸ್ಟಾರ್‌ಲಿಂಕ್ ಉಪಗ್ರಹಗಳು ಇರುವುದು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ. ಒನ್‌ವೆಬ್ ಕಂಪನಿಯವು 1,200 ಕಿಲೋಮೀಟರ್, ವಿಮಾನಗಳಿಗೆ ಇಂಟರ್‌ನೆಟ್ ಕೊಡುವ ಗೋಗೋ ಕಂಪನಿಯ ಗೆಲಿಲಿಯೋ ಸೇವೆ ನಡೆಯುವುದು ಈ ಒನ್‌ವೆಬ್ ಉಪಗ್ರಹಗಳ ಮೂಲಕವೇ. ಇವುಗಳಲ್ಲಿ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ. ಹಾಗಾಗಿ ಮೀಟಿಂಗ್ ವಿಷಯದಲ್ಲಿ ನಿಮ್ಮ ಯಜಮಾನರು ಹೇಳಿದ್ದು ಸರಿ. ಆದರೆ ಫೈಲ್ ತೆರೆಯದಿರುವುದಕ್ಕೆ ಬೇರೆ ಕಾರಣ ಇರಬಹುದು. ಲ್ಯಾಪ್‌ಟಾಪ್‌ನಲ್ಲಿ ವಿಪಿಎನ್ (ಆಫೀಸಿನ ಡೇಟಾ ಬೇರೆಯವರಿಗೆ ಕಾಣದ ಹಾಗೆ ಸಾಗಿಸುವ ವ್ಯವಸ್ಥೆ) ಇದೆಯಾ?

ಪ್ರಶ್ನೆ ಕೇಳಿದವರು: ಇದೆ ಸರ್. ಐಟಿಯವರು ಕಡ್ಡಾಯ ಮಾಡಿದ್ದಾರೆ. ಅದಕ್ಕೂ ಇದಕ್ಕೂ ಏನು ಸಂಬಂಧ?

ಉತ್ತರ: ತುಂಬಾ ಇದೆ, ಮತ್ತೆ ಇದನ್ನು ಮಾರಾಟಕ್ಕೆ ಬರುವವರು ಬಾಯಿಬಿಟ್ಟು ಹೇಳುವುದು ಕಡಿಮೆ. ಇಂಟರ್‌ನೆಟ್‌ನಲ್ಲಿ ಡೇಟಾ ಕಳಿಸುವ ಕಂಪ್ಯೂಟರ್ ಒಂದಷ್ಟು ಕಳಿಸಿ "ತಲುಪಿತಾ?" ಅಂತ ಕಾಯುತ್ತದೆ. ತಲುಪಿದ ಸುದ್ದಿ ಬಂದ ಮೇಲೆ ಮುಂದಿನ ಕಂತು. ಒಂದೊಂದು ಸುದ್ದಿಗೂ ಅರ್ಧ ಸೆಕೆಂಡಿಗಿಂತ ಜಾಸ್ತಿ ಕಾಯಬೇಕಾದರೆ ಎಷ್ಟು ದೊಡ್ಡ ಪೈಪ್ ಇದ್ದರೂ ಖಾಲಿ ಬಿದ್ದಿರುತ್ತದೆ. ಇದಕ್ಕೆ ಉಪಾಯವಾಗಿ ಸ್ಯಾಟಲೈಟ್ ಕಂಪನಿಗಳು ಎರಡೂ ತುದಿಯಲ್ಲಿ ಒಂದೊಂದು ಆಕ್ಸಿಲರೇಟರ್ ಇಟ್ಟಿರುತ್ತವೆ. ಕಾಗದ ಇನ್ನೂ ದಾರಿಯಲ್ಲಿರುವಾಗಲೇ "ತಲುಪಿತು" ಅಂತ ಅಂಚೆಯಣ್ಣನೇ ಸಹಿ ಹಾಕಿ ಕೊಟ್ಟ ಹಾಗೆ, ಅದು ಸುದ್ದಿಯನ್ನು ಮೊದಲೇ ಕೊಟ್ಟುಬಿಡುತ್ತದೆ, ಕಳಿಸುವವನು ನಿಲ್ಲದೆ ಕಳಿಸುತ್ತಾ ಹೋಗುತ್ತಾನೆ. ವಿಪಿಎನ್ ಹಾಕಿದ ಕೂಡಲೇ ಎಲ್ಲವೂ ಬೀಗ ಹಾಕಿದ ಕೊಳವೆಯೊಳಗೆ ಹೋಗುತ್ತದೆ, ಆಕ್ಸಿಲರೇಟರ್‌ಗೆ ಒಳಗೇನಿದೆ ಅಂತ ಕಾಣುವುದಿಲ್ಲ, ಅದು ಕೈಕಟ್ಟಿ ಕೂರುತ್ತದೆ.

ಹೊಸ ಆಂಟೆನಾ ಹಾಕಿಸುವ ಮೊದಲು ಒಂದು ಹಾರಾಟದಲ್ಲಿ ಒಂದೇ ದೊಡ್ಡ ಫೈಲನ್ನು ವಿಪಿಎನ್ ಇಟ್ಟು ಒಮ್ಮೆ, ತೆಗೆದು ಒಮ್ಮೆ ಇಳಿಸಿ ನೋಡಿ (ಗುಟ್ಟಿನ ಫೈಲ್ ಬೇಡ ಮಾರಾಯ್ರೆ). ವ್ಯತ್ಯಾಸ ಕಂಡರೆ ಐಟಿಯವರ ಹತ್ತಿರ ಮಾತಾಡಿ. ಗುಟ್ಟಿಲ್ಲದ್ದನ್ನು ವಿಪಿಎನ್ ಹೊರಗೆ ಬಿಡುವ ವ್ಯವಸ್ಥೆ ಇದೆ. ಕೆಲವು ಸೇವಾ ಕಂಪನಿಗಳು ತಮ್ಮ ನೆಲದ ನೆಟ್‌ವರ್ಕ್‌ನಿಂದ ನಿಮ್ಮ ಆಫೀಸಿಗೆ ನೇರ ಖಾಸಗಿ ಲೈನ್ ಕೂಡ ಕೊಡುತ್ತವೆ.

ಒಬ್ಬ ಪೈಲಟ್: ನಡುವೆ ಬಾಯಿ ಹಾಕುತ್ತಿದ್ದೇನೆ. ಹೊಸದು ಬಂದ ಮೇಲೆ ಹಳೆಯ ಎಲ್ ಬ್ಯಾಂಡ್ (ಇನ್ನೊಂದು ಬಗೆಯ ಉಪಗ್ರಹ ಸಂಪರ್ಕ) ಪೆಟ್ಟಿಗೆಗಳನ್ನೆಲ್ಲ ಕಿತ್ತು ಹಾಕಿದರೆ ತೂಕ ಉಳಿಯುತ್ತದೆ ಅಂತ ನಮ್ಮಲ್ಲಿ ಒಬ್ಬರು ಹೇಳುತ್ತಿದ್ದರು. ಮಾಡಬಹುದಾ?

ಉತ್ತರ: ಆ ಪೆಟ್ಟಿಗೆ ಯಾರಿಗೆ ಕೆಲಸ ಮಾಡುತ್ತಿದೆ ಅಂತ ನೋಡದೆ ಖಂಡಿತ ಬೇಡ ಕ್ಯಾಪ್ಟನ್. ಕ್ಯಾಬಿನ್‌ನ ವೈಫೈ ಬೇರೆ, ಕಾಕ್‌ಪಿಟ್‌ನ ಸೇಫ್ಟಿ ಸರ್ವಿಸ್ ಬೇರೆ. ನೀವು ಸಾಗರದ ಮೇಲೆ ಏರ್ ಟ್ರಾಫಿಕ್ ಕಂಟ್ರೋಲರ್ ಜೊತೆ ಸಿಪಿಡಿಎಲ್‌ಸಿಯಲ್ಲಿ ಮೆಸೇಜ್ ಮಾಡುವುದು, ಎಡಿಎಸ್-ಸಿ ನಿಮ್ಮ ಜಾಗ ತಾನಾಗಿ ತಿಳಿಸುವುದು ಇನ್‌ಮಾರ್‌ಸ್ಯಾಟ್ ಅಥವಾ ಇರಿಡಿಯಂ ಉಪಗ್ರಹಗಳ ಮೂಲಕ ಎಲ್ ಬ್ಯಾಂಡ್‌ನಲ್ಲಿ. ಉತ್ತರ ಅಟ್ಲಾಂಟಿಕ್‌ನಲ್ಲಿ ಕೆಲವು ಭಾಗ ಬಿಟ್ಟರೆ ಫ್ಲೈಟ್ ಲೆವೆಲ್ 290ರಿಂದ 410ರವರೆಗೆ (ಅಂದರೆ ಸುಮಾರು 29,000ದಿಂದ 41,000 ಅಡಿ) 2020ರಿಂದ ಈ ಥರದ ಡೇಟಾಲಿಂಕ್ ಕಡ್ಡಾಯ ಅನ್ನೋದು ನಿಮಗೇ ಗೊತ್ತು. ಎಲ್ ಬ್ಯಾಂಡ್ ನಿಧಾನ ನಿಜ, ಇನ್‌ಮಾರ್‌ಸ್ಯಾಟ್‌ನ ಸ್ವಿಫ್ಟ್‌ಬ್ರಾಡ್‌ಬ್ಯಾಂಡ್ ಸೇವೆಯ ಒಂದು ಸಾಮಾನ್ಯ ಚಾನೆಲ್‌ಗೆ ಹೆಚ್ಚೆಂದರೆ 432 ಕೆಬಿಪಿಎಸ್. ಆದರೆ ಮಳೆ ಮೋಡಕ್ಕೆಲ್ಲ ಅದು ಅಷ್ಟಾಗಿ ಜಗ್ಗುವುದಿಲ್ಲ. ಇರಿಡಿಯಂನ 66 ಉಪಗ್ರಹ ಧ್ರುವದ ಮೇಲೂ ಹಾದು ಹೋಗುತ್ತವೆ. ಎತ್ತರದಲ್ಲಿ ನಿಂತ ಉಪಗ್ರಹ ಅಲ್ಲಿ ದಿಗಂತದ ಕೆಳಗೆ ಇಳಿದಿರುತ್ತದೆ.

ಒಬ್ಬ ಕ್ಯಾಬಿನ್ ಅಟೆಂಡೆಂಟ್: ಮೇಲೆ ಹೋಗಿ ಸ್ವಲ್ಪ ಹೊತ್ತಿಗೇ ಡೇಟಾ ಅರ್ಧ ಖಾಲಿ. ಬೈಸಿಕೊಳ್ಳೋದು ನಾನು. ಯಾರೂ ಸಿನಿಮಾ ನೋಡ್ತಿರಲಿಲ್ಲ ಸರ್, ಆಣೆ!

ಉತ್ತರ: ನಂಬಿದೆ ಮೇಡಂ. ಫೋನ್‌ಗಳು ವೈಫೈ ಸಿಕ್ಕಿತು ಅಂತ ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಎಲ್ಲ ಶುರು ಹಚ್ಚಿಕೊಳ್ಳುತ್ತವೆ. ರೂಟರ್‌ನಲ್ಲಿ ಅವನ್ನು ತಡೆಯಬಹುದು, ಸೇವಾ ಕಂಪನಿಗೆ ಹೇಳಿ ಮಾಡಿಸಿ.

ಪ್ರಶ್ನೆ ಕೇಳಿದವರು: ಸರಿ ಸರ್, ಹಾಕಿಸುವುದೇ ಅಂತಾದರೆ ವಿಮಾನ ಎಷ್ಟು ದಿನ ನಿಲ್ಲಬೇಕು?

ಉತ್ತರ: ಮೊದಲು ಎಸ್‌ಟಿಸಿ ಕೇಳಿ, ಆಮೇಲೆ ದಿನ. ನಿಮ್ಮ ಮಾಡೆಲ್‌ಗೆ ಆ ಆಂಟೆನಾ ಹಾಕಬಹುದು ಅಂತ ಅಮೆರಿಕದ ಎಫ್‌ಎಎ, ಯುರೋಪಿನ ಇಎಎಸ್‌ಎ ಥರದ ವಿಮಾನಯಾನ ಪ್ರಾಧಿಕಾರ ಕೊಡುವ ಒಪ್ಪಿಗೆ ಅದು. ನಿಮ್ಮ ವಿಮಾನ ನೋಂದಣಿಯಾದ ದೇಶವೂ ಅದನ್ನು ಒಪ್ಪಿರಬೇಕು. ಹೊಸ ಚಪ್ಪಟೆ ಆಂಟೆನಾದಲ್ಲಿ ತಿರುಗುವ ಭಾಗ ಇಲ್ಲ, ಉಪಗ್ರಹ ಬದಲಾದ ಹಾಗೆ ಬೀಮನ್ನು ಎಲೆಕ್ಟ್ರಾನಿಕ್ ಆಗಿ ತಿರುಗಿಸುತ್ತದೆ. ಆದರೆ ಕೂರುವುದು ವಿಮಾನದ ಬೆನ್ನ ಮೇಲೆ. ಒಳಗೆ ಗಾಳಿಯ ಒತ್ತಡ ಹಿಡಿದಿಡುವ ಹೊದಿಕೆಯಲ್ಲಿ ತೂತು ಕೊರೆದು, ಸುತ್ತ ಬಲಕ್ಕೆ ಪಟ್ಟಿ ಕೊಟ್ಟು, ಕ್ಯಾಬಿನ್ ಛಾವಣಿ ಬಿಚ್ಚಿ ವೈರ್ ಎಳೆಯಬೇಕು. ಹೇಗಿದ್ದರೂ ಒಳಾಂಗಣ ಬಿಚ್ಚುವ ದೊಡ್ಡ ಇನ್‌ಸ್ಪೆಕ್ಷನ್ ಬಂದಾಗ ಜೊತೆಗೇ ಮಾಡಿಸಿದರೆ ಬುದ್ಧಿವಂತಿಕೆ. ಮತ್ತೆ ನೀವು ಹಾರುವ ದೇಶಗಳ ಪಟ್ಟಿ ಕೊಟ್ಟು, ಎಲ್ಲೆಲ್ಲಿ ಅನುಮತಿ ಇದೆ ಅಂತ ಬರವಣಿಗೆಯಲ್ಲಿ ತರಿಸಿ. ಅನುಮತಿ ಇಲ್ಲದ ಆಕಾಶಕ್ಕೆ ಹೋದರೆ ಮೇಲೆ ಉಪಗ್ರಹ ಇದ್ದರೂ ಸೇವೆ ಸಿಗಲ್ಲ.

ಪ್ರಶ್ನೆ ಕೇಳಿದವರು: ಮೊದಲು ವಿಪಿಎನ್ ಪರೀಕ್ಷೆ ಮಾಡಿಸ್ತೀನಿ ಸರ್. ಕೊಟೇಶನ್‌ಗೆ ವಿಮಾನದ ಮಾಡೆಲ್ ಹೇಳಿದರೆ ಸಾಕಾ?

ಉತ್ತರ: ಸಾಲದು, ಸೀರಿಯಲ್ ನಂಬರೂ ಕಳಿಸಿ. ಒಂದೇ ಮಾಡೆಲ್‌ನಲ್ಲೂ ಕೆಲವು ಎಸ್‌ಟಿಸಿಗಳು ಇಂಥ ಸೀರಿಯಲ್‌ನಿಂದ ಇಂಥದ್ದರವರೆಗೆ ಮಾತ್ರ ಅಂತ ಇರುತ್ತವೆ.